ಮಗುವಿನ ಸ್ವಭಾವ, ಮನೆ ಹತ್ತಿರದ ಮರ, ಒಂದಿಷ್ಟು ಮಣ್ಣು: ಎಲ್ಲಿಂದ ಶುರು ಮಾಡಬೇಕು?

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಿಂದ ಎರಡು ರಸ್ತೆ ದಾಟಿದರೆ ಒಂದು ಪುಟ್ಟ ಪಾರ್ಕು. ಗೇಟಿನೊಳಗೆ ಕಾಲಿಟ್ಟ ಕೂಡಲೇ ನನ್ನ ವೇಲು ಹಿಡಿದುಕೊಂಡವಳು ಮನೆಗೆ ವಾಪಸ್ ಬರುವವರೆಗೂ ಬಿಡುತ್ತಿರಲಿಲ್ಲ. ಜಾರುಬಂಡೆ ಹತ್ತಿರ ಹೋಗೋಣ ಬಾ ಅಂದರೆ ಕಣ್ಣಲ್ಲಿ ನೀರು. ಅವಳಿಗಿಂತ ಎರಡು ವರ್ಷ ಚಿಕ್ಕವನಾದ ಮಗ ಪೂರ್ತಿ ಬೇರೆ. ಯಾರು ಕರೆದರೂ ಹೋಗುತ್ತಾನೆ. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಚೆಂಡು ಕೊಡಲಿಲ್ಲ ಅಂದರೆ ಹೊಡೆತ, ಸೋತರೆ ಕೈಗೆ ಸಿಕ್ಕಿದ್ದನ್ನು ಎಸೆತ. ಒಂದೇ ಮನೆ, ಒಂದೇ ಅಡುಗೆ, ಅದೇ ಅಪ್ಪ ಅಮ್ಮ.

ಸುತ್ತಲಿನವರು ಎರಡು ಥರ ಹೇಳುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗಲ್ಲ, ಬಿಡು ಅಂತ ಕೆಲವರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಈಗಲೇ ತಿದ್ದು ಅಂತ ಇನ್ನು ಕೆಲವರು. ಐದು ವರ್ಷ ಇಬ್ಬರನ್ನೂ ಮಣ್ಣು, ಮರ, ಮಳೆಯ ಜೊತೆ ಬಿಟ್ಟು ನೋಡಿದ ಮೇಲೆ ನನಗೆ ಅನಿಸಿರುವುದು ಇಷ್ಟು. ಗುಣವನ್ನು ಬದಲಿಸಲು ಹೊರಡುವುದು ಬೇಡ. ಆ ಗುಣಕ್ಕೆ ಹೊಂದುವ ಜಾಗ ಮತ್ತು ಆಟ ಹುಡುಕೋಣ. ಹಾಗೆ ಹೊಂದಿಕೆಯಾದಾಗ ಮಗುವೇ ತನ್ನ ಸಿಟ್ಟನ್ನು, ತನ್ನ ಭಯವನ್ನು ಹಿಡಿದುಕೊಳ್ಳುವುದು ಕಲಿಯುತ್ತದೆ.

ಇದು ನನ್ನೊಬ್ಬಳ ಮಾತಲ್ಲ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಎಳೆಯ ಶಿಶುಗಳನ್ನು ಗಮನಿಸಲು ಶುರು ಮಾಡಿದರು. ನೂರಕ್ಕೂ ಹೆಚ್ಚು ಮಕ್ಕಳನ್ನು ಅವರು ದೊಡ್ಡವರಾಗುವವರೆಗೂ ಗಮನಿಸುತ್ತಾ ಬಂದರು. ಸುಮಾರು 40 ಶೇಕಡಾ ಮಕ್ಕಳು ಸಲೀಸಾಗಿ ಹೊಂದಿಕೊಳ್ಳುವವರು. ಸುಮಾರು 10 ಶೇಕಡಾ ಜೋರು ಸಿಟ್ಟು, ಜೋರು ಅಳುವಿನವರು. 15 ಶೇಕಡಾ ಹೊಸದಕ್ಕೆ ಹಿಂಜರಿದು, ನಿಧಾನವಾಗಿ ಒಗ್ಗಿಕೊಳ್ಳುವವರು. ಉಳಿದವರು ಎಲ್ಲವೂ ಬೆರೆತವರು. ಥಾಮಸ್ ಮತ್ತು ಚೆಸ್ ಕೊನೆಗೆ ಒತ್ತಿ ಹೇಳಿದ್ದು, ಯಾವ ಸ್ವಭಾವವೂ ತಾನಾಗಿಯೇ ಕೆಟ್ಟದ್ದಲ್ಲ ಎಂಬುದನ್ನು. ಮಗುವಿನ ಸ್ವಭಾವಕ್ಕೂ ಸುತ್ತಲಿನ ವಾತಾವರಣಕ್ಕೂ ಹೊಂದಿಕೆ ಇದೆಯೋ ಇಲ್ಲವೋ ಎನ್ನುವುದೇ ಮುಖ್ಯ.

ಎರಡು ಕೋಣೆಯ ಮನೆಯಲ್ಲಿ ಸಿಟ್ಟಿನ ಮಗುವಿಗೆ ಹೊಂದಿಕೆ ಆಗುವುದು ಕಷ್ಟ ಅಲ್ವಾ? ಅಲ್ಲಿ ಎಸೆದದ್ದೆಲ್ಲ ಒಡೆಯುತ್ತದೆ. ಕೂಗಿದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ಅದೇ ಮಗು ಕೆರೆ ದಂಡೆಯಲ್ಲಿ ನಿಂತು ಕಲ್ಲು ಎಸೆದರೆ ಯಾರೂ ಬೈಯುವುದಿಲ್ಲ.

ಮೊದಲು ಒಂದು ವಾರ ಸುಮ್ನೆ ನೋಡಿ

ಏನನ್ನೂ ಬದಲಿಸಬೇಡಿ. ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ರಾತ್ರಿ ಮಗು ಮಲಗಿದ ಮೇಲೆ ಐದು ನಿಮಿಷ ಬರೆಯಿರಿ. ಹೊಸಬರು ಮನೆಗೆ ಬಂದಾಗ ಮುಂದೆ ಬಂತೋ, ಬಾಗಿಲ ಹಿಂದೆ ನಿಂತಿತೋ? ಹಿಂದೆ ನಿಂತಿದ್ದರೆ ಎಷ್ಟು ಹೊತ್ತಿಗೆ ಹತ್ತಿರ ಬಂತು? ಅತ್ತರೆ ಎಷ್ಟು ಜೋರು, ಎಷ್ಟು ಹೊತ್ತು? ಬಟ್ಟೆಯ ಲೇಬಲ್ ಚುಚ್ಚುತ್ತದೆ, ಮಿಕ್ಸಿ ಸದ್ದು ಬೇಡ ಅನ್ನುತ್ತದೆಯೋ? ಒಂದೇ ಆಟದಲ್ಲಿ ಎಷ್ಟು ಹೊತ್ತು ಕೂರುತ್ತದೆ? ಹಸಿವು, ನಿದ್ದೆ ದಿನಾ ಒಂದೇ ಹೊತ್ತಿಗೋ, ಒಂದೊಂದು ದಿನ ಒಂದೊಂದು ಥರವೋ?

ಬರೆಯುವಾಗ ಒಂದು ಎಚ್ಚರ ಇರಲಿ. 'ಹಟ ಮಾಡಿದ' ಅಂತ ಬರೆಯಬೇಡಿ. 'ಚಪ್ಪಲಿ ಹಾಕು ಅಂದಾಗ ನೆಲದ ಮೇಲೆ ಮಲಗಿ 12 ನಿಮಿಷ ಅತ್ತ' ಅಂತ ಬರೆಯಿರಿ. ಹಟ ಅನ್ನುವುದು ನಮ್ಮ ತೀರ್ಪು. ಹನ್ನೆರಡು ನಿಮಿಷ ಅತ್ತಿದ್ದು ಕಣ್ಣಾರೆ ಕಂಡದ್ದು. ನಾನು ಹೀಗೆ ಬರೆದ ಮೇಲೆಯೇ ಒಂದು ವಿಷಯ ಕಣ್ಣಿಗೆ ಬಿತ್ತು. ಮಗನ ದೊಡ್ಡ ರಂಪಾಟಗಳೆಲ್ಲ ಸಂಜೆ ಆರರಿಂದ ಏಳರೊಳಗೆ ನಡೆಯುತ್ತಿದ್ದವು. ಆಗ ಅವನು ಪ್ಲೇಹೋಮಿನಿಂದ ಬಂದು ಮೂರು ಗಂಟೆ ಮನೆಯೊಳಗೇ ಕಳೆದಿರುತ್ತಿದ್ದ.

ದೂರದ ಕಾಡು ಬೇಡ, ದಿನಾ ಹೋಗುವ ಒಂದು ಜಾಗ ಸಾಕು

ಪ್ರಕೃತಿ ಅಂದ ಕೂಡಲೇ ನಮಗೆ ಸಕಲೇಶಪುರ, ಆಗುಂಬೆ, ಎರಡು ದಿನದ ರೆಸಾರ್ಟು ನೆನಪಾಗುತ್ತದೆ. ಮಗುವಿನ ಸ್ವಭಾವದ ಮಟ್ಟಿಗೆ ವರ್ಷಕ್ಕೊಮ್ಮೆ ನೋಡುವ ಜಲಪಾತಕ್ಕಿಂತ ದಿನಾ ನೋಡುವ ಒಂದು ಹೊಂಗೆ ಮರ ಜಾಸ್ತಿ ಕೆಲಸ ಮಾಡುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಭಾನುವಾರಕ್ಕೆ ಇರಲಿ. ಉಳಿದ ಆರು ದಿನಕ್ಕೆ ಹತ್ತು ನಿಮಿಷದ ನಡಿಗೆಯೊಳಗೆ ಒಂದು ಜಾಗ ಬೇಕು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಧಾರವಾಡದವರಿಗೆ ಸಾಧನಕೇರಿ, ಮಂಗಳೂರಿನವರಿಗೆ ಕಡಲ ದಂಡೆ ಹತ್ತಿರವಿದ್ದರೆ ಅದಕ್ಕಿಂತ ಇನ್ನೇನು ಬೇಕು! ಇಲ್ಲದಿದ್ದರೆ ಪಾರ್ಕಿನ ಒಂದು ಮೂಲೆ, ದೇವಸ್ಥಾನದ ಅರಳಿಕಟ್ಟೆ, ಸರ್ಕಾರಿ ಶಾಲೆಯ ಬಯಲು. ಖಾಲಿ ಸೈಟು ಬಳಸುವುದಾದರೆ ಮೊದಲು ನೀವೊಬ್ಬರೇ ಹೋಗಿ ಗಾಜಿನ ಚೂರು, ತೆರೆದ ಗುಂಡಿ ಇದೆಯಾ ನೋಡಿ ಬನ್ನಿ.

ಜಾಗ ಆರಿಸುವಾಗ ಜಾರುಬಂಡೆ, ಉಯ್ಯಾಲೆ ಎಷ್ಟಿವೆ ಎಂದು ಲೆಕ್ಕ ಹಾಕಬೇಡಿ. ನೆರಳಿದೆಯಾ? ಮುಟ್ಟಲು ಮಣ್ಣಿದೆಯಾ? ಮರದಿಂದ ಏನಾದರೂ ಉದುರುತ್ತದೆಯಾ? ಹೊಂಗೆಯ ಹೂವು, ಚಪ್ಪಟೆ ಕಾಯಿ, ಗುಲ್‌ಮೊಹರಿನ ಉದ್ದ ಕಾಯಿ, ನೇರಳೆ ಹಣ್ಣು, ಇವೆಲ್ಲ ಮಕ್ಕಳಿಗೆ ಬಿಟ್ಟಿ ಸಿಗುವ ಆಟದ ಸಾಮಾನು. ಮಳೆಮರ ಇದ್ದರೆ ಸಂಜೆ ಅದರ ಕೆಳಗೆ ಕೂತು ಎಲೆಗಳು ಮಡಚಿಕೊಳ್ಳುವುದನ್ನು ತೋರಿಸಿ. 'ಮರ ಮಲಗ್ತಾ ಇದೆ, ನಾವೂ ಮನೆಗೆ ಹೋಗೋಣ' ಅಂದರೆ ನನ್ನ ಮಗ ಜಗಳವಿಲ್ಲದೆ ಹೊರಡುತ್ತಿದ್ದ.

ಹಸಿರು ಮನಸ್ಸಿಗೆ ಏನು ಮಾಡುತ್ತದೆ ಎನ್ನುವುದನ್ನೂ ಅಳೆದು ನೋಡಿದವರಿದ್ದಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆಂಡ್ರಿಯಾ ಫೇಬರ್ ಟೇಲರ್ ಮತ್ತು ಫ್ರಾನ್ಸಿಸ್ ಕುವೊ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಮನ ನಿಲ್ಲದ ತೊಂದರೆ ಇರುವ 7ರಿಂದ 12 ವರ್ಷದ ಮಕ್ಕಳನ್ನು ಮೂರು ಕಡೆ 20 ನಿಮಿಷ ನಡೆಸಿದರು. ಒಮ್ಮೆ ಪಾರ್ಕಿನಲ್ಲಿ, ಒಮ್ಮೆ ಪೇಟೆಯಲ್ಲಿ, ಒಮ್ಮೆ ಮನೆಗಳ ಬೀದಿಯಲ್ಲಿ. ಪಾರ್ಕಿನಲ್ಲಿ ನಡೆದ ಮೇಲೆ ಮಕ್ಕಳ ಗಮನ ಚೆನ್ನಾಗಿ ನಿಂತಿತು. ಅಧ್ಯಯನ ಚಿಕ್ಕದು, 17 ಮಕ್ಕಳು ಅಷ್ಟೇ. ಡೆನ್ಮಾರ್ಕಿನಲ್ಲಿ ನಡೆದದ್ದು ಬಹಳ ದೊಡ್ಡದು. 9 ಲಕ್ಷಕ್ಕೂ ಹೆಚ್ಚು ಜನರ ಬಾಲ್ಯದ ಮನೆಯ ಸುತ್ತ ಎಷ್ಟು ಹಸಿರಿತ್ತು ಅಂತ ಉಪಗ್ರಹದ ಚಿತ್ರಗಳಲ್ಲಿ ನೋಡಿದರು. ಅತಿ ಕಡಿಮೆ ಹಸಿರಿನ ನಡುವೆ ಬೆಳೆದವರಿಗೆ ಮುಂದೆ ಮಾನಸಿಕ ಕಾಯಿಲೆ ಬರುವ ಸಾಧ್ಯತೆ 55 ಶೇಕಡಾದವರೆಗೂ ಹೆಚ್ಚಿತ್ತು ಎಂದು 2019ರಲ್ಲಿ ವರದಿಯಾಯಿತು. ಮನೆಯ ಆದಾಯ, ಕುಟುಂಬದಲ್ಲಿ ಕಾಯಿಲೆ ಇದ್ದದ್ದು, ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು. ಹಸಿರೊಂದೇ ಕಾರಣ ಅಂತ ಇದರಿಂದ ಹೇಳಲಾಗದು. ಆದರೂ ತಳ್ಳಿಹಾಕುವ ಸಂಖ್ಯೆ ಇದಲ್ಲ.

ಹೊತ್ತು ಒಂದೇ ಇರಲಿ. ಬೆಂಗಳೂರಿನಲ್ಲಿ ಸಂಜೆ ಐದು ಗಂಟೆ ಸರಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ಆರೂವರೆಯೇ ಸರಿ. ಆಟದ ಮೈದಾನದ ಲೋಹದ ಜಾರುಬಂಡೆ ಬಿಸಿಲಿನಲ್ಲಿ ಚರ್ಮ ಸುಡುವಷ್ಟು ಕಾಯುತ್ತದೆ. ಮೊದಲು ನಿಮ್ಮ ಕೈ ಇಟ್ಟು ನೋಡಿ.

ಹೋದ ಮೇಲೆ ಹದಿನೈದು ನಿಮಿಷ ಬಾಯಿ ಮುಚ್ಚಿಕೊಂಡಿರಿ

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಹುಷಾರು, ಬೀಳ್ತೀಯ, ಕೈ ಕೊಳೆ, ಅದು ಮುಟ್ಟಬೇಡ. ಒಂದು ಸಂಜೆ ಎಣಿಸಿದೆ. ಹತ್ತು ನಿಮಿಷದಲ್ಲಿ ಇಂಥ 23 ಮಾತು ಆಡಿದ್ದೆ. ಮರುದಿನದಿಂದ ಫೋನ್ ಬ್ಯಾಗಿನೊಳಗೆ ಹಾಕಿ ಕಲ್ಲು ಬೆಂಚಿನ ಮೇಲೆ ಕೂತೆ. ಮಗುವಿನ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಬಾಯಿ ಬಿಡುವುದು.

ಮೊದಲ ಮೂರು ನಾಲ್ಕು ದಿನ ಮಗು 'ಬೋರು' ಅನ್ನುತ್ತದೆ. ಅನ್ನಲಿ. ಆ ಬೋರು ಕಳೆದ ಮೇಲೆಯೇ ಆಟ ಹುಟ್ಟುವುದು. ಐದನೇ ದಿನ ಮಗ ಇರುವೆ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಂದು ಇರುವೆ ತನಗಿಂತ ದೊಡ್ಡ ರೆಕ್ಕೆಯೊಂದನ್ನು ಎಳೆಯುತ್ತಿತ್ತು. ಎರಡು ನಿಮಿಷ ಒಂದು ಕಡೆ ಕೂರದ ಹುಡುಗ ಇಪ್ಪತ್ತು ನಿಮಿಷ ಅದರ ಹಿಂದೆ ಹೋದ. ನಾನು ಅಲ್ಲಿ 'ನೋಡು, ಇರುವೆಗೆ ಎಷ್ಟು ಕಾಲು ಹೇಳು' ಅಂತ ಪಾಠ ಶುರು ಮಾಡಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಪುತ್ತೂರಿನಲ್ಲಿ ಬಾಲವನ ಕಟ್ಟಿದ ಶಿವರಾಮ ಕಾರಂತರು ಮಕ್ಕಳನ್ನು ಗುಡ್ಡ, ಮರಗಳ ನಡುವೆ ಕುಣಿಯಲು, ಆಡಲು ಬಿಟ್ಟದ್ದು ಯಾಕೆ ಅಂತ ನನಗೆ ಆ ಸಂಜೆ ಅರ್ಥವಾಯಿತು.

ಮನೆಯಿಂದ ಒಯ್ಯಬೇಕಾದ್ದು ಕಡಿಮೆ. ಎರಡು ತೆಂಗಿನ ಕರಟ, ಒಂದು ಹಳೆಯ ಸೌಟು, ಒಂದು ಬಾಟಲಿ ನೀರು, ಒಂದು ತುಂಡು ಹಗ್ಗ, ಬದಲಿಸಲು ಬಟ್ಟೆ, ಹಳೇ ಟವೆಲ್. ಉಳಿದದ್ದು ಅಲ್ಲೇ ಬಿದ್ದಿರುತ್ತದೆ. ಬ್ರಿಟನ್ನಿನ ಸೈಮನ್ ನಿಕಲ್ಸನ್ 1971ರಲ್ಲೇ ಹೇಳಿದ್ದರು: ಮಕ್ಕಳು ಸರಿಸಬಹುದಾದ, ಜೋಡಿಸಬಹುದಾದ, ಕೆಡವಬಹುದಾದ ಬಿಡಿ ವಸ್ತುಗಳು ಜಾಸ್ತಿ ಇದ್ದಷ್ಟೂ ಅವರ ಕಲ್ಪನೆಗೆ ಕೆಲಸ ಜಾಸ್ತಿ. ಜಾರುಬಂಡೆ ಯಾವತ್ತೂ ಜಾರುಬಂಡೆಯೇ. ಕರಟ ಮಾತ್ರ ಒಂದು ದಿನ ಇಡ್ಲಿ ಪಾತ್ರೆ, ಮರುದಿನ ಆಮೆ.

ಕೆಲವು ಪಾರ್ಕುಗಳಲ್ಲಿ ಹುಲ್ಲಿನ ಮೇಲೆ ಕಾಲಿಡಬೇಡಿ ಅಂತ ಬೋರ್ಡು ಇರುತ್ತದೆ. ಜಗಳಕ್ಕೆ ನಿಲ್ಲಬೇಡಿ. ಮಾಲಿಯನ್ನು ಮಾತಾಡಿಸಿ, ಮಕ್ಕಳು ಅಗೆಯಲು ಒಂದು ಮೂಲೆ ಕೊಡ್ತೀರಾ ಅಂತ ಕೇಳಿ. ನಮ್ಮ ಪಾರ್ಕಿನ ಮಾಲಿ ಗೊಬ್ಬರದ ಗುಂಡಿಯ ಪಕ್ಕ ನಾಲ್ಕು ಅಡಿ ಜಾಗ ಕೊಟ್ಟರು. ನನ್ನ ಇಬ್ಬರು ಮಕ್ಕಳ ಬಾಲ್ಯದ ಬಹುಪಾಲು ಆ ನಾಲ್ಕು ಅಡಿಯಲ್ಲೇ ನಡೆದಿದೆ.

ಈಗ ಸ್ವಭಾವ ನೋಡಿ ಆಟ ಹೊಂದಿಸಿ

ವಾರದ ನೋಟ್‌ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹಿಂಜರಿಯುವ ಮಗು ನಿಮ್ಮದಾದರೆ ಜನ ಕಡಿಮೆ ಇರುವ ಹೊತ್ತಿಗೆ, ಬೇರೆ ಮಕ್ಕಳು ಬರುವ ಅರ್ಧ ಗಂಟೆ ಮೊದಲೇ ಹೋಗಿ. ತುಂಬಿದ ಪಾರ್ಕಿನೊಳಗೆ ಕಾಲಿಡುವುದು ಬೇರೆ. ತಾನು ಮೊದಲೇ ಕೂತಿರುವ ಜಾಗಕ್ಕೆ ಬೇರೆಯವರು ಬರುವುದು ಬೇರೆ. ದಿನಾ ಅದೇ ಬೆಂಚು, ಅದೇ ಮರ. ಮುಟ್ಟಿದರೆ ಮುನಿ ಗಿಡ ಕಂಡರೆ ಜೊತೆಗೆ ಕೂತು ಮುಟ್ಟಿ. ಎಲೆ ಮುದುಡುವುದು ಕ್ಷಣದಲ್ಲಿ. ಬಿಚ್ಚಿಕೊಳ್ಳಲು ಹಲವು ನಿಮಿಷ ಬೇಕು. ಅದನ್ನು ಇಬ್ಬರೂ ಕಾಯಿರಿ. 'ಅದಕ್ಕೂ ಸ್ವಲ್ಪ ಹೊತ್ತು ಬೇಕು ಅಲ್ವಾ ಅಮ್ಮ' ಅಂತ ಮಗಳು ಕೇಳಿದಾಗ ನನ್ನ ಗಂಟಲು ಕಟ್ಟಿತ್ತು.

ಜನರ ಬದಲು ಮೊದಲು ಗಿಡದ ಜೊತೆ, ನಾಯಿಮರಿಯ ಜೊತೆ, ಕೆಲಸದ ಜೊತೆ ಸ್ನೇಹವಾಗಲಿ. ಮಗಳು ಮಾಲಿಯ ಪೈಪು ಹಿಡಿದು ದಾಸವಾಳಕ್ಕೆ ನೀರು ಹಾಕುವ ಕೆಲಸ ವಹಿಸಿಕೊಂಡಳು. ಹತ್ತಿರ ಬಂದ ಮಕ್ಕಳು ಆಡೋಣ ಬಾ ಅನ್ನಲಿಲ್ಲ, ನನಗೂ ಪೈಪು ಕೊಡು ಅಂದರು. ಅವಳು ಮೊದಲ ಸಲ ಬೇರೆ ಮಗುವಿನ ಜೊತೆ ಮಾತಾಡಿದ್ದು ಹಾಗೆ. ಮೂರು ವಾರ ಹಿಡಿಯಿತು. ಆಮೇಲೆ ನಮ್ಮಲ್ಲಿ ಒಂದು ಒಳ್ಳೆಯ ಪದ್ಧತಿ ಇದೆಯಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಜೂಟಾಟದಲ್ಲಿ ಅವಳು ಓಡಬಹುದು, ಆದರೆ ಔಟಾಗುವುದಿಲ್ಲ. ಸೋಲುವ ಭಯವಿಲ್ಲದೆ ಗುಂಪಿನೊಳಗೆ ಕಾಲಿಡಲು ಇದಕ್ಕಿಂತ ಮೆತ್ತನೆಯ ದಾರಿ ನಾನು ಕಂಡಿಲ್ಲ. ಒಂದನ್ನು ಮಾತ್ರ ಮಾಡಬೇಡಿ. 'ಇವಳಿಗೆ ತುಂಬಾ ನಾಚಿಕೆ, ಯಾರ ಹತ್ತಿರವೂ ಹೋಗಲ್ಲ' ಅಂತ ಮಗುವಿನ ಎದುರೇ ಹೇಳಬೇಡಿ. ಅದು ಆ ಮಾತನ್ನೇ ತನ್ನ ಹೆಸರಿನ ಹಾಗೆ ಇಟ್ಟುಕೊಳ್ಳುತ್ತದೆ.

ಸಿಟ್ಟಿನ ಮಗುವಿಗೆ ಭಾರದ ಕೆಲಸ ಬೇಕು. ಅಗೆಯುವುದು, ನೀರು ತುಂಬಿದ ಬಕೆಟ್ ಹೊರುವುದು, ಕಲ್ಲು ಗುಡ್ಡೆ ಹಾಕುವುದು, ಕೆಸರು ತುಳಿಯುವುದು, ಹಗ್ಗ ಎಳೆಯುವುದು. ಪಾರ್ಕಿಗೆ ಹೋದ ಕೂಡಲೇ ಮೊದಲ ಇಪ್ಪತ್ತು ನಿಮಿಷ ಇದೇ ಆಗಲಿ. ಎಸೆಯಬೇಡ ಅನ್ನುವ ಬದಲು ಎಸೆಯುವ ಜಾಗ ಕೊಡಿ. ಕೆರೆಗೆ ಕಲ್ಲು, ಗೋಡೆಗೆ ಮಣ್ಣಿನ ಉಂಡೆ, ಸ್ವಲ್ಪ ದೊಡ್ಡವನಾದ ಮೇಲೆ ಲಗೋರಿ. ಲಗೋರಿಯಲ್ಲಿ ಜೋರಾಗಿ ಹೊಡೆಯುವ ಕೈಯೇ ಆಮೇಲೆ ಏಳು ಕಲ್ಲನ್ನು ಮೆಲ್ಲಗೆ, ಅಲುಗದ ಹಾಗೆ ಒಂದರ ಮೇಲೊಂದು ಇಡಬೇಕು. ಅದೂ ಬೆನ್ನಿಗೆ ಚೆಂಡು ಬೀಳುವ ಭಯದ ನಡುವೆ. ಸಿಟ್ಟು ಹಿಡಿಯುವುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಯಾವುದಿದೆ?

ಕೆರೆ ದಡ ಆಟವನ್ನೂ ಬಿಡಬೇಡಿ. ನೆಲದಲ್ಲಿ ಒಂದು ಗೆರೆ. ಕೆರೆ ಅಂದರೆ ಒಳಗೆ ಹಾರು, ದಡ ಅಂದರೆ ಹೊರಗೆ. ಹೇಳುವವರು ಬೇಕೆಂದೇ ಕೆರೆ, ಕೆರೆ, ಕೆರೆ ಅಂತ ಒಂದೇ ಮಾತು ಹೇಳಿ ಯಾಮಾರಿಸುತ್ತಾರೆ. ಹಾರಲು ಎದ್ದ ಕಾಲನ್ನು ಅಲ್ಲೇ ತಡೆಯಬೇಕು. ಹೊಡೆಯಲು ಎದ್ದ ಕೈ ತಡೆಯಲು ಬೇಕಾದದ್ದೂ ಅದೇ ಶಕ್ತಿ. ಮನೆಯಲ್ಲೂ ಆಡಬಹುದು, ದಿನಾ ಹತ್ತು ನಿಮಿಷ. ಸಿಟ್ಟು ಏರಿರುವಾಗ ಬುದ್ಧಿ ಹೇಳಲು ಹೋಗಬೇಡಿ. ಆಗ ಕಿವಿಗೆ ಏನೂ ಹೋಗುವುದಿಲ್ಲ. ಪಕ್ಕದಲ್ಲಿ ಕೂತಿರಿ. ಇಳಿದ ಮೇಲೆ ಕೈ ತೊಳೆಸುತ್ತಾ ಎರಡೇ ಮಾತು ಹೇಳಿ.

ಒಂದು ಕಡೆ ನಿಲ್ಲದ ಮಗುವಿಗೆ ಓಡುವ ಜಾಗದ ಜೊತೆ ಹುಡುಕುವ ಕೆಲಸವೂ ಬೇಕು. ಮೂರು ಥರದ ಬೀಜ ತಾ, ಮೃದುವಾದ ಒಂದು ಎಲೆ ತಾ, ಒರಟಾದ ಒಂದು ತೊಗಟೆ ಹುಡುಕು. ಭಾನುವಾರ ಲಾಲ್‌ಬಾಗಿನ ಬಂಡೆ ಹತ್ತಿಸಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಎಷ್ಟು ಸಲ ಹತ್ತಿ ಇಳಿದರೂ ಅದಕ್ಕೇನೂ ಆಗುವುದಿಲ್ಲ. ಹೋಮ್‌ವರ್ಕ್ ಆದ ಮೇಲೆ ಆಟ ಅನ್ನುವ ನಿಯಮ ಇಂಥ ಮಕ್ಕಳಿಗೆ ತಿರುವುಮುರುವಾಗಬೇಕು. ಮೊದಲು ಮರಗಳ ನಡುವೆ ಓಡಾಟ, ಆಮೇಲೆ ಪುಸ್ತಕ.

ಸಲೀಸು ಮಗುವನ್ನು ನಾವು ಮರೆತೇಬಿಡುತ್ತೇವೆ. ಅದು ಅಳುವುದಿಲ್ಲ, ಕೇಳುವುದಿಲ್ಲ. ವಾರಕ್ಕೊಮ್ಮೆ ಯಾವ ಆಟ, ಯಾವ ಜಾಗ ಅಂತ ಅದೇ ಹೇಳಲಿ.

ಬೀಳುವುದು ಮತ್ತು ನಿಜವಾದ ಅಪಾಯ

ಇವೆರಡೂ ಬೇರೆ ಬೇರೆ. ಮೊಣಕಾಲು ತರಚುವುದು ಕಲಿಕೆ. ಕಣಗಿಲೆ ಎಲೆ ಅಗಿಯುವುದು ಅಪಾಯ. ನಾರ್ವೆಯ ಎಲೆನ್ ಸಾಂಡ್ಸೆಟರ್ ಮಕ್ಕಳು ತಾವಾಗಿ ಹುಡುಕಿಕೊಂಡು ಹೋಗುವ ಸಾಹಸಗಳನ್ನು 2007ರಲ್ಲಿ ಆರು ಬಗೆಯಾಗಿ ಗುರುತಿಸಿದರು. ಎತ್ತರ, ವೇಗ, ಹರಿತವಾದ ಉಪಕರಣ, ನೀರು ಬೆಂಕಿಯಂಥವು, ಕುಸ್ತಿಯಾಟ, ಕಣ್ಣಿಂದ ಮರೆಯಾಗುವುದು. ನಮ್ಮ ಮರಕೋತಿ ಆಟದಲ್ಲಿ ಎತ್ತರ, ಕಣ್ಣಾಮುಚ್ಚಾಲೆಯಲ್ಲಿ ಮರೆಯಾಗುವುದು ಇದ್ದೇ ಇದೆ. ಸ್ವಲ್ಪ ಸ್ವಲ್ಪ ಭಯವನ್ನು ತಾನೇ ಅಳತೆ ಮಾಡಿ ತೆಗೆದುಕೊಂಡ ಮಗು ದೊಡ್ಡ ಭಯಕ್ಕೂ ತಯಾರಾಗುತ್ತದೆ.

ಮರ ಹತ್ತಲು ನಮ್ಮ ಮನೆಯಲ್ಲಿ ಮೂರು ನಿಯಮ. ಮಗುವನ್ನು ನಾವು ಎತ್ತಿ ಕೊಂಬೆಯ ಮೇಲೆ ಕೂರಿಸುವುದಿಲ್ಲ. ತಾನೇ ಹತ್ತಿದ ಎತ್ತರದಿಂದ ಸಾಮಾನ್ಯವಾಗಿ ತಾನೇ ಇಳಿಯಬಲ್ಲದು. ಅಪ್ಪನ ತೋಳಿಗಿಂತ ತೆಳ್ಳಗಿನ ಕೊಂಬೆಗೆ ಕಾಲಿಡುವಂತಿಲ್ಲ. ನುಗ್ಗೆ ಮರ ಬೇಡವೇ ಬೇಡ, ಅದರ ಕೊಂಬೆ ಪಟ್ ಅಂತ ಮುರಿಯುತ್ತದೆ. ಕೆಳಗೆ ನಿಂತು 'ಬೀಳ್ತೀಯ' ಅನ್ನಬೇಡಿ. 'ಎಡಗಾಲು ಎಲ್ಲಿ ಇಡ್ತೀಯ?' ಅಂತ ಕೇಳಿ.

ನಿಜವಾದ ಅಪಾಯದ ಪಟ್ಟಿ ಚಿಕ್ಕದು. ಅದನ್ನು ಬಾಯಿಪಾಠ ಮಾಡಿಸಿ. ಕಣಗಿಲೆ, ಉಮ್ಮತ್ತಿ, ಹರಳು ಬೀಜ ಬಾಯಿಗೆ ಹೋಗಬಾರದು. ಕೆಂಪಗೆ ಮಿನುಗುವ ಗುಲಗಂಜಿ ನೋಡಲು ಎಷ್ಟು ಚೆಂದವೋ, ಅಗಿದರೆ ಅಷ್ಟೇ ವಿಷ. ಕಾಂಗ್ರೆಸ್ ಗಿಡದಿಂದ ಮೈ ತುರಿಕೆ, ಅಲರ್ಜಿ ಬರಬಹುದು. ಬಿಲ, ಪೊಟರೆ, ಕಲ್ಲುರಾಶಿಯೊಳಗೆ ಕೈ ಹಾಕುವಂತಿಲ್ಲ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಅಲುಗಾಡಿಸದೆ ನೇರ ಆಸ್ಪತ್ರೆಗೆ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಿ. ಡೆಂಗ್ಯೂ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮಳೆಗಾಲದಲ್ಲಿ ಉದ್ದ ತೋಳಿನ ತೆಳು ಬಟ್ಟೆ ಹಾಕಿ.

ಮಣ್ಣಿನ ಭಯ ಹಲವರಿಗೆ ಇದೆ. ಫಿನ್‌ಲೆಂಡಿನಲ್ಲಿ 3ರಿಂದ 5 ವರ್ಷದ ಮಕ್ಕಳ ಡೇಕೇರ್ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಹುಲ್ಲು ತಂದು ಹಾಸಿದರು. 28 ದಿನ ಅದರಲ್ಲಿ ಆಡಿದ ಮಕ್ಕಳ ಚರ್ಮದ ಮೇಲೆ ಒಳ್ಳೆಯ ಸೂಕ್ಷ್ಮಜೀವಿಗಳ ಬಗೆ ಹೆಚ್ಚಿತು, ರೋಗ ತಡೆಯುವ ಶಕ್ತಿಯ ಕೆಲವು ಗುರುತುಗಳೂ ಸುಧಾರಿಸಿದವು ಎಂದು 2020ರಲ್ಲಿ ಪ್ರಕಟವಾಯಿತು. ಹಾಗಂತ ನಮ್ಮ ಊರಿನ ಎಲ್ಲ ಮಣ್ಣೂ ಕಾಡಿನ ಮಣ್ಣಲ್ಲ. ಚರಂಡಿ ಪಕ್ಕದ್ದು, ನಾಯಿ ಬೆಕ್ಕು ಗಲೀಜು ಮಾಡುವ ಮರಳು ಬೇಡ. ಉಗುರು ಚಿಕ್ಕದಿರಲಿ. ತಿನ್ನುವ ಮೊದಲು ಸೋಪಿನಲ್ಲಿ ಕೈ ತೊಳೆಯಲಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳ ಸುತ್ತ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಮಾತ್ರೆ ತಪ್ಪಿಸಬೇಡಿ.

ಜಗಳ ಅವರದ್ದು, ಎಣಿಕೆ ನಿಮ್ಮದು

ಒಂದೇ ವಯಸ್ಸಿನ ಮಕ್ಕಳ ಗುಂಪು ಶಾಲೆಯಲ್ಲಿ ಸಿಗುತ್ತದೆ. ಸಂಜೆಯ ಗುಂಪಿನಲ್ಲಿ ಐದರವರೂ ಹನ್ನೊಂದರವರೂ ಇರಲಿ. ದೊಡ್ಡವರು ಚಿಕ್ಕವರಿಗಾಗಿ ಚೆಂಡು ಮೆಲ್ಲಗೆ ಹಾಕುವುದು ಕಲಿಯುತ್ತಾರೆ. ಚಿಕ್ಕವರು ಕಾಯುವುದು ಕಲಿಯುತ್ತಾರೆ. ಜಗಳ ಬಂದಾಗ ಓಡಿಹೋಗಿ ನ್ಯಾಯ ಹೇಳಬೇಡಿ. ಮನಸ್ಸಿನಲ್ಲೇ ನೂರರವರೆಗೆ ಎಣಿಸಿ. ಹೆಚ್ಚಿನ ಸಲ ಎಪ್ಪತ್ತರ ಹೊತ್ತಿಗೆ ಅವರೇ ಹೊಸ ನಿಯಮ ಮಾಡಿಕೊಂಡು ಆಟ ಮುಂದುವರಿಸಿರುತ್ತಾರೆ. ರಕ್ತ, ಕಲ್ಲು, ಒಬ್ಬರ ಮೇಲೆ ಹಲವರು, ಈ ಮೂರರಲ್ಲಿ ಯಾವುದಿದ್ದರೂ ಎಣಿಸದೆ ಎದ್ದುಹೋಗಿ.

ಸೋಲಲು ಆಗದ ಮಗುವಿಗೆ ಮನೆಯಲ್ಲಿ ಚೌಕಾಬಾರ ಆಡಿಸಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಕಡೆ ಬೆಳ್ಳಗಾಗುವಂತೆ ತೇಯ್ದುಕೊಳ್ಳಿ. ಇನ್ನೇನು ಹಣ್ಣಾಗುವ ಕಾಯಿಯನ್ನು ಯಾರೋ ಹೊಡೆದು ಹಾಕುತ್ತಾರೆ. ಅಳು ಬರುತ್ತದೆ. ಮತ್ತೆ ಮೊದಲಿಂದ ಶುರು. ಬೇಕೆಂದೇ ಸೋತು ಮಗುವನ್ನು ಗೆಲ್ಲಿಸಬೇಡಿ, ಅದಕ್ಕೆ ಗೊತ್ತಾಗುತ್ತದೆ. ನೀವು ಸೋತಾಗ ನಿಮ್ಮ ಮುಖ ಹೇಗಿರುತ್ತದೆ ಅನ್ನುವುದನ್ನೇ ಅದು ನೋಡುತ್ತಿರುತ್ತದೆ.

ಮಳೆ ಬಂದರೆ, ಅಂಗಳವೇ ಇಲ್ಲದಿದ್ದರೆ

ಬಾಲ್ಕನಿಯಲ್ಲಿ ಒಂದು ಕರಿಬೇವಿನ ಕುಂಡ, ಒಂದು ನಿಂಬೆ ಕುಂಡ ಇಡಿ. ಔಷಧಿ ಹೊಡೆಯಬೇಡಿ. ಒಂದಲ್ಲ ಒಂದು ದಿನ ಚಿಟ್ಟೆ ಬಂದು ಮೊಟ್ಟೆ ಇಡಬಹುದು. ಮೊದಲು ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳು, ಆಮೇಲೆ ಹಸಿರು ಬಣ್ಣಕ್ಕೆ ತಿರುಗಿ, ಒಂದು ದಿನ ತಿನ್ನುವುದು ನಿಲ್ಲಿಸಿ ಕೋಶ ಕಟ್ಟುತ್ತದೆ. ಒಗ್ಗರಣೆಗೆ ಕರಿಬೇವು ಅಂಗಡಿಯಿಂದ ತನ್ನಿ, ಕುಂಡದ್ದು ಹುಳುವಿಗಿರಲಿ. ಕಾಯುವುದನ್ನು ಕಲಿಸಲು ಇದರಷ್ಟು ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ತೀರಾ ಅವಸರದ ಮಗುವಾದರೆ ಮೆಂತ್ಯ ಬಿತ್ತಿ, ಮೂರು ನಾಲ್ಕು ದಿನದಲ್ಲಿ ಮೊಳಕೆ ಕಾಣುತ್ತದೆ.

ಗುಡುಗು ಮಿಂಚಿಲ್ಲದ ಮಳೆಗೆ ಮಹಡಿಯ ಮೇಲೆ ಬಿಡಿ. ಗೋಡೆ ಎತ್ತರವಿರಬೇಕು, ನೀವು ಜೊತೆಗಿರಬೇಕು. ರಸ್ತೆಯಲ್ಲಿ ಹರಿಯುವ ನೀರಿಗೆ ಮಾತ್ರ ಬೇಡ, ಅದರ ಕೆಳಗೆ ಚರಂಡಿಯೋ ವೈರೋ ಇರಬಹುದು. ಬೇಸಿಗೆ ರಜೆಗೆ ಊರಿಗೆ ಕಳಿಸುವುದಾದರೆ ಎರಡು ದಿನಕ್ಕೆ ಕಳಿಸಬೇಡಿ. ಅಜ್ಜನ ಮನೆಯ ಕೊಟ್ಟಿಗೆ, ತೋಟ, ಹಳ್ಳಕ್ಕೆ ಒಗ್ಗಿಕೊಳ್ಳಲು ಹಿಂಜರಿಯುವ ಮಗುವಿಗೆ ವಾರವೇ ಬೇಕು. ಬಾವಿಗೆ ಬಲೆ ಇದೆಯಾ ಅಂತ ಕಳಿಸುವ ಮೊದಲೇ ಕೇಳಿ.

ಮೊಬೈಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಇದು. 3–4 ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಅಲುಗಿಸುವ ಚಟುವಟಿಕೆ, ಅದರಲ್ಲಿ 60 ನಿಮಿಷ ಏದುಸಿರು ಬರುವಂಥದ್ದು. ಕೂತು ಪರದೆ ನೋಡುವುದು ಒಂದು ಗಂಟೆ ಮೀರಬಾರದು. ಮೊಬೈಲ್ ಕಿತ್ತುಕೊಳ್ಳುವುದರಿಂದ ಶುರು ಮಾಡಬೇಡಿ. ಮೊದಲು ಸಂಜೆ ಹೊರಗೆ ಹೋಗುವುದನ್ನು ರೂಢಿ ಮಾಡಿ. ನಮ್ಮ ಮನೆಯಲ್ಲಿ ಜಗಳ ಅರ್ಧ ಕಡಿಮೆಯಾಗಿದ್ದು ಹಾಗೆ.

ಮೂರು ತಿಂಗಳ ನಂತರ ನೋಟ್‌ಪುಸ್ತಕ ತೆರೆಯಿರಿ

ಅದೇ ಪ್ರಶ್ನೆಗಳನ್ನು ಇನ್ನೊಂದು ವಾರ ಬರೆಯಿರಿ. ಹಳೆಯದರ ಪಕ್ಕ ಇಟ್ಟು ನೋಡಿ. ಮಗು ಬೇರೆ ಮಗುವಾಗಿರುವುದಿಲ್ಲ. ನನ್ನ ಮಗಳು ಈಗ ಒಂಬತ್ತು ವರ್ಷದವಳು, ಇವತ್ತಿಗೂ ಹೊಸ ಜಾಗದಲ್ಲಿ ಹತ್ತು ನಿಮಿಷ ಸುಮ್ನೆ ನಿಲ್ಲುತ್ತಾಳೆ. ಆದರೆ ವೇಲು ಹಿಡಿಯುವುದಿಲ್ಲ, ಹನ್ನೊಂದನೇ ನಿಮಿಷಕ್ಕೆ ತಾನೇ ಹೋಗುತ್ತಾಳೆ. ಮಗನಿಗೆ ಸಿಟ್ಟು ಬರುತ್ತದೆ, ಈಗ ಮುಷ್ಟಿ ಕಟ್ಟಿಕೊಂಡು ಹೊರಗೆ ನಡೆಯುತ್ತಾನೆ. ನೀವು ಹುಡುಕಬೇಕಾದ್ದು ಇಂಥ ಸಣ್ಣ ವ್ಯತ್ಯಾಸವನ್ನು. ಅಳುವ ನಿಮಿಷ ಕಡಿಮೆಯಾಯಿತೇ? ತಾನಾಗಿ ಆಟ ಶುರು ಮಾಡಿತೇ? ನಿದ್ದೆ ಸರಿಹೋಯಿತೇ?

ಕೆಲವು ವಿಷಯಗಳಿಗೆ ಮೂರು ತಿಂಗಳು ಕಾಯಬಾರದು. ಕಲಿತ ಮಾತು ಹಿಂದೆ ಹೋಗುವುದು, ಹೆಸರು ಕರೆದರೂ ತಿರುಗದಿರುವುದು, ಮಗು ತನಗೆ ತಾನೇ ಹೊಡೆದುಕೊಳ್ಳುವುದು, ಆಟದ ಆಸೆಯೇ ಹೋಗುವುದು, ಸಿಟ್ಟಿನಲ್ಲಿ ಪದೇ ಪದೇ ಬೇರೆಯವರಿಗೆ ಗಾಯ ಮಾಡುವುದು. ಇವು ಪಾರ್ಕಿನಿಂದ ಸರಿಹೋಗುವಂಥವಲ್ಲ. ಮಕ್ಕಳ ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕ್ಕೇ ಒಂದು ವಿಭಾಗ ಇದೆ. ದೂರದ ಊರಿನವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹೋಗುವಾಗ ನೋಟ್‌ಪುಸ್ತಕ ಜೊತೆಗಿರಲಿ. ಯಾವಾಗಿಂದ, ಎಷ್ಟು ಹೊತ್ತು, ಯಾವ ಸಂದರ್ಭದಲ್ಲಿ ಅಂತ ವೈದ್ಯರು ಕೇಳುತ್ತಾರೆ, ಉತ್ತರ ಅದರಲ್ಲೇ ಬರೆದಿರುತ್ತದೆ.